ಒಂದು ವಾರದ ಜಿಗಿತ: ‘ಟ್ರಾವೆಲರ್’ ಆಟದಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ

ವಿಜ್ಞಾನ ಕಥೆಗಳಲ್ಲಿ ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಹೋಗುವುದು ಬಹು ಸುಲಭ. ನಾಯಕ ಗುಂಡಿ ಒತ್ತುತ್ತಾನೆ, ಕಿಟಕಿಯಾಚೆ ಬೆಳಕಿನ ಗೆರೆಗಳು ಹರಿದುಹೋಗುತ್ತವೆ, ಮುಂದಿನ ದೃಶ್ಯದಲ್ಲಿ ಹೊಸದೊಂದು ಗ್ರಹ ಎದುರಾಗುತ್ತದೆ. ದಾರಿಗೆ ಎಷ್ಟು ದಿನ ಹಿಡಿಯಿತು, ಇಂಧನ ಎಷ್ಟು ವ್ಯಯವಾಯಿತು, ಅದರ ಖರ್ಚನ್ನು ಯಾರು ಭರಿಸಿದರು ಎಂದು ಯಾರೂ ಕೇಳುವುದಿಲ್ಲ. ಈ ಪ್ರಶ್ನೆಗಳನ್ನು ಕೇಳಿ, ಲೆಕ್ಕ ಸಹಿತ ಉತ್ತರ ನೀಡಿದ ಆಟವೊಂದಿದೆ. ಅದರ ಹೆಸರು ‘ಟ್ರಾವೆಲರ್’.

1977ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ನಾರ್ಮಲ್ ಎಂಬ ಪಟ್ಟಣದಿಂದ ‘ಗೇಮ್ ಡಿಸೈನರ್ಸ್ ವರ್ಕ್‌ಶಾಪ್’ ಸಂಸ್ಥೆ ಈ ಆಟವನ್ನು ಪ್ರಕಟಿಸಿತು. ರಚಿಸಿದವರು ಮಾರ್ಕ್ ಮಿಲ್ಲರ್. ಪೆಟ್ಟಿಗೆಯೊಳಗೆ ಇದ್ದದ್ದು ಕಪ್ಪು ರಕ್ಷಾಕವಚದ ಮೂರು ಚಿಕ್ಕ ಪುಸ್ತಕಗಳು. ಇದು ಕಂಪ್ಯೂಟರ್ ಆಟವಲ್ಲ, ಪಾತ್ರಾಭಿನಯದ ಆಟ. ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಅವರಲ್ಲೊಬ್ಬರು ರೆಫರಿ, ಉಳಿದವರು ನಿವೃತ್ತ ಸೈನಿಕ, ವ್ಯಾಪಾರಿ, ಶೋಧಕ ಮುಂತಾದ ಪಾತ್ರಗಳನ್ನು ವಹಿಸಿಕೊಂಡು ಮಾತಿನಲ್ಲೇ ಕಥೆಯನ್ನು ಮುಂದುವರಿಸುತ್ತಾರೆ. ಅನುಮಾನ ಬಂದಲ್ಲಿ ಆರು ಮುಖದ ದಾಳ ನಿರ್ಣಯ ಹೇಳುತ್ತದೆ. ಮೂಲ ಸಂಸ್ಥೆ 1996ರಲ್ಲಿ ಬಾಗಿಲು ಮುಚ್ಚಿತಾದರೂ ಆಟ ನಿಲ್ಲಲಿಲ್ಲ. 2008ರಿಂದ ಬ್ರಿಟನ್ನಿನ ಮಂಗೂಸ್ ಪಬ್ಲಿಷಿಂಗ್ ಸಂಸ್ಥೆ ಹೊಸ ಆವೃತ್ತಿಗಳನ್ನು ಹೊರತಂದಿದೆ.

ಇಷ್ಟು ಆವೃತ್ತಿಗಳು ಬಂದರೂ ಒಂದು ನಿಯಮ ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿದುಬಂದಿದೆ. ಅದು ಅಂತರತಾರಾ ಪ್ರಯಾಣದ ನಿಯಮ. ಆಟದಲ್ಲಿ ಬರುವ ವ್ಯಾಪಾರ, ಸಾಲ, ಅಂಚೆ, ಯುದ್ಧ, ಸಾಮ್ರಾಜ್ಯ ಎಲ್ಲವೂ ಈ ಒಂದು ನಿಯಮದಿಂದಲೇ ಹುಟ್ಟಿಕೊಳ್ಳುತ್ತವೆ ಎಂಬುದು ಇದರ ವಿಶೇಷ.

ನಿಜ ಜಗತ್ತಿನ ದೂರ

ಮೊದಲು ವಾಸ್ತವದ ಅಳತೆಯನ್ನು ನೋಡೋಣ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಸಮೀಪದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ಅದರ ದೂರ 4.24 ಜ್ಯೋತಿರ್ವರ್ಷ. ಟ್ರಾವೆಲರ್ ಪ್ರಕಟವಾದ ವರ್ಷವೇ, ಅಂದರೆ 1977ರ ಸೆಪ್ಟೆಂಬರ್‌ನಲ್ಲಿ, ಉಡಾವಣೆಗೊಂಡ ವಾಯೇಜರ್-1 ನೌಕೆ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಸೌರಮಂಡಲದಿಂದ ದೂರ ಸರಿಯುತ್ತಿದೆ. ಅದೇ ವೇಗದಲ್ಲಿ 4.24 ಜ್ಯೋತಿರ್ವರ್ಷ ಕ್ರಮಿಸಲು 70 ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಬೇಕು. ಯಾವ ವಸ್ತುವೂ ಬೆಳಕಿನ ವೇಗವನ್ನು ಮೀರಲಾರದೆಂಬ ಐನ್‌ಸ್ಟೈನ್ ಸಿದ್ಧಾಂತದ ಕಟ್ಟು ಬೇರೆ.

ಆದ್ದರಿಂದ ನಕ್ಷತ್ರಗಳ ನಡುವೆ ಕಥೆ ಹೇಳಬಯಸುವ ಲೇಖಕ ಎಲ್ಲಾದರೊಂದು ಕಡೆ ಭೌತವಿಜ್ಞಾನಕ್ಕೆ ರಿಯಾಯಿತಿ ಕೇಳಲೇಬೇಕಾಗುತ್ತದೆ. ಮಿಲ್ಲರ್ ಕೇಳಿದ್ದು ಒಂದೇ ರಿಯಾಯಿತಿ. ಅದಕ್ಕೆ ಪ್ರತಿಯಾಗಿ ಅವರು ಹೇರಿಕೊಂಡ ನಿರ್ಬಂಧಗಳು ಹಲವು.

ಜಿಗಿತ ಎಂದರೇನು?

ಆ ರಿಯಾಯಿತಿಯ ಹೆಸರು ‘ಜಂಪ್’, ಅಂದರೆ ಜಿಗಿತ. ನೌಕೆಯಲ್ಲಿರುವ ಜಂಪ್ ಡ್ರೈವ್ ಎಂಬ ಯಂತ್ರ ಅದನ್ನು ನಮ್ಮ ವಿಶ್ವದಿಂದ ಹೊರತೆಗೆದು ‘ಜಂಪ್‌ಸ್ಪೇಸ್’ ಎಂಬ ಬೇರೊಂದು ಅವಕಾಶಕ್ಕೆ ದೂಡುತ್ತದೆ. ಸುಮಾರು ಒಂದು ವಾರದ ನಂತರ ನೌಕೆ ಮತ್ತೆ ನಮ್ಮ ವಿಶ್ವದಲ್ಲಿ, ಉದ್ದೇಶಿತ ಸ್ಥಳದ ಬಳಿ ಪ್ರತ್ಯಕ್ಷವಾಗುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ದೂರ ಎಷ್ಟೇ ಇರಲಿ, ಕಾಲ ಮಾತ್ರ ಒಂದೇ. ಯಂತ್ರದ ಸಾಮರ್ಥ್ಯವನ್ನು 1ರಿಂದ 6ರವರೆಗಿನ ಅಂಕಿಯಿಂದ ಗುರುತಿಸುತ್ತಾರೆ. ಜಂಪ್-1 ನೌಕೆ ಒಂದು ಜಿಗಿತದಲ್ಲಿ ಒಂದು ಪಾರ್ಸೆಕ್ ಸಾಗಿದರೆ ಜಂಪ್-6 ನೌಕೆ ಆರು ಪಾರ್ಸೆಕ್ ಸಾಗುತ್ತದೆ. ಒಂದು ಪಾರ್ಸೆಕ್ ಎಂದರೆ 3.26 ಜ್ಯೋತಿರ್ವರ್ಷ, ಅಂದರೆ ಸುಮಾರು 31 ಲಕ್ಷ ಕೋಟಿ ಕಿಲೋಮೀಟರ್. ಎರಡೂ ನೌಕೆಗಳಿಗೆ ಹಿಡಿಯುವ ಕಾಲ ಏಳು ದಿನ. ಲೆಕ್ಕ ಹಾಕಿದರೆ ಮೊದಲನೆಯದು ಬೆಳಕಿಗಿಂತ ಸುಮಾರು 170 ಪಟ್ಟು, ಎರಡನೆಯದು ಸಾವಿರ ಪಟ್ಟು ವೇಗದಲ್ಲಿ ಸಾಗಿದಂತಾಯಿತು. ಆದರೆ ನೌಕೆಯೊಳಗೆ ಕುಳಿತವರಿಗೆ ವೇಗದ ಅನುಭವವೇ ಇಲ್ಲ. ಅವರಿಗೂ ಹೊರಗಿನವರಿಗೂ ಕಳೆಯುವುದು ಅದೇ ಒಂದು ವಾರ.

ಈ ವಾರ ಗಡಿಯಾರಕ್ಕೆ ಕಟ್ಟಿದ್ದಲ್ಲ. ಸರಾಸರಿ 168 ಗಂಟೆ, ಅದರಲ್ಲಿ ಶೇಕಡಾ ಹತ್ತರಷ್ಟು ಹೆಚ್ಚು ಕಡಿಮೆ ಎಂಬುದು ಹಳೆಯ ವಿವರಣೆ. ಮಂಗೂಸ್ ಆವೃತ್ತಿಯಲ್ಲಿ 148 ಗಂಟೆಗೆ ಆರು ದಾಳಗಳ ಮೊತ್ತವನ್ನು ಕೂಡಿಸಬೇಕು. ಒಮ್ಮೆ ಒಳಹೊಕ್ಕ ಮೇಲೆ ದಾರಿ ಬದಲಿಸುವಂತಿಲ್ಲ, ನಡುವೆ ನಿಲ್ಲುವಂತಿಲ್ಲ, ಹೊರಗಿನವರೊಡನೆ ಮಾತನಾಡುವಂತಿಲ್ಲ. ಪ್ರಯಾಣಿಕರು ಒಂದು ವಾರ ಲೋಕದ ಪಾಲಿಗೆ ಇಲ್ಲದವರು.

ನೂರು ವ್ಯಾಸದ ಗೆರೆ

ಜಿಗಿತವನ್ನು ಎಲ್ಲಿಂದ ಬೇಕಾದರೂ ಆರಂಭಿಸುವಂತಿಲ್ಲ. ಯಾವುದೇ ದೊಡ್ಡ ಆಕಾಶಕಾಯದಿಂದ ಅದರ ವ್ಯಾಸದ ನೂರು ಪಟ್ಟು ದೂರ ಸರಿದ ಮೇಲಷ್ಟೇ ಜಿಗಿತ ಸುರಕ್ಷಿತ. ಭೂಮಿಯ ವ್ಯಾಸ 12,742 ಕಿಲೋಮೀಟರ್. ಹಾಗಾಗಿ ಭೂಮಿಯಿಂದ ಹೊರಟ ನೌಕೆ ಸುಮಾರು 12.7 ಲಕ್ಷ ಕಿಲೋಮೀಟರ್, ಅಂದರೆ ಚಂದ್ರನಿಗಿರುವ ದೂರದ ಮೂರು ಪಟ್ಟಿಗೂ ಹೆಚ್ಚು, ಸಾಮಾನ್ಯ ಎಂಜಿನಿನಲ್ಲೇ ಸಾಗಬೇಕು. ಭೂಮಿಯ ಗುರುತ್ವಕ್ಕೆ ಸಮನಾದ ವೇಗೋತ್ಕರ್ಷದಲ್ಲಿ ಅರ್ಧ ದಾರಿ ವೇಗ ಹೆಚ್ಚಿಸಿಕೊಂಡು, ಉಳಿದರ್ಧ ಇಳಿಸಿಕೊಂಡು ಹೋದರೆ ಇದಕ್ಕೆ ಆರು ಗಂಟೆಯ ಮೇಲೆ ಹಿಡಿಯುತ್ತದೆ. ಗುರುಗ್ರಹದಂಥ ದೈತ್ಯನಾದರೆ ಹತ್ತಿರ ಹತ್ತಿರ ಒಂದು ದಿನ.

ಈ ಗೆರೆ ನಕ್ಷತ್ರಕ್ಕೂ ಅನ್ವಯ. ನಮ್ಮ ಸೂರ್ಯನ ವ್ಯಾಸ ಸುಮಾರು 13.9 ಲಕ್ಷ ಕಿಲೋಮೀಟರ್. ಅದರ ನೂರು ಪಟ್ಟು 13.9 ಕೋಟಿ. ಭೂಮಿ ಸುತ್ತುತ್ತಿರುವುದು 15 ಕೋಟಿ ಕಿಲೋಮೀಟರ್ ದೂರದಲ್ಲಿ. ಸ್ವಲ್ಪದರಲ್ಲಿ ನಾವು ಸೂರ್ಯನ ನೆರಳಿನಿಂದ ಹೊರಗಿದ್ದೇವೆ. ಶುಕ್ರ ಮತ್ತು ಬುಧ ಒಳಗೇ ಸಿಕ್ಕಿಕೊಂಡಿವೆ. ಅಲ್ಲಿಂದ ಹೊರಡುವ ನೌಕೆ ಜಿಗಿಯುವ ಮೊದಲು ಸೂರ್ಯನ ಗೆರೆಯನ್ನೂ ದಾಟಬೇಕು.

ಕಡಲ್ಗಳ್ಳರಿಗೆ, ಸುಂಕದ ಅಧಿಕಾರಿಗಳಿಗೆ, ಯುದ್ಧನೌಕೆಗಳಿಗೆ ಕೆಲಸ ಸಿಗುವುದು ಈ ಕೆಲವು ಗಂಟೆಗಳ ಹಾದಿಯಲ್ಲೇ. ಬಂದರಿನಿಂದ ಗೆರೆಯವರೆಗೆ ನೌಕೆ ಅಸಹಾಯಕ. ಬೆನ್ನಟ್ಟಿ ಬಂದವನು ಹತ್ತಿರವಾಗುತ್ತಿದ್ದಾನೆ, ಗೆರೆ ಇನ್ನೂ ದೂರವಿದೆ ಎಂದಾಗ ಗೆರೆಯ ಒಳಗಿಂದಲೇ ಜಿಗಿಯಬೇಕೇ ಎಂಬ ಪ್ರಶ್ನೆ ಆಟಗಾರರ ಮುಂದೆ ನಿಲ್ಲುತ್ತದೆ.

ದಾರಿ ತಪ್ಪಿದ ಜಿಗಿತ

ಹಾಗೆ ಜಿಗಿದರೆ ‘ಮಿಸ್‌ಜಂಪ್’ ಆಗುವ ಸಂಭವ ಏರುತ್ತದೆ. ಶುದ್ಧೀಕರಿಸದ ಇಂಧನ, ದುರಸ್ತಿ ಕಾಣದ ಯಂತ್ರ ಕೂಡ ಇದಕ್ಕೆ ಕಾರಣವಾಗಬಹುದು. ಮೂಲ ನಿಯಮದ ಪ್ರಕಾರ ರೆಫರಿ ಒಂದು ದಾಳ ಹಾಕಿ, ಬಂದ ಸಂಖ್ಯೆಯಷ್ಟು ದಾಳಗಳನ್ನು ಮತ್ತೆ ಹಾಕುತ್ತಾರೆ. ಮೊತ್ತ ಎಷ್ಟೋ ಅಷ್ಟು ಪಾರ್ಸೆಕ್ ದೂರ, ಗೊತ್ತುಗುರಿಯಿಲ್ಲದ ದಿಕ್ಕಿನಲ್ಲಿ ನೌಕೆ ಬಿದ್ದಿರುತ್ತದೆ. ಗರಿಷ್ಠ 36 ಪಾರ್ಸೆಕ್. ಅಲ್ಲಿ ನಕ್ಷತ್ರವೇ ಇಲ್ಲದಿದ್ದರೆ ಇಂಧನವೂ ಇಲ್ಲ. ಕೂಗಿದರೂ ಕೇಳುವವರಿಲ್ಲ, ಏಕೆಂದರೆ ರೇಡಿಯೋ ಸಂಕೇತ ಸಮೀಪದ ಲೋಕವನ್ನು ಮುಟ್ಟಲು ವರ್ಷಗಳು ಬೇಕು.

ಇಂಧನದ ಚಿಂತೆ

ಜಿಗಿತ ದುಬಾರಿ ಕಾರ್ಯ. ಪ್ರತಿ ಪಾರ್ಸೆಕ್‌ಗೆ ನೌಕೆಯ ಗಾತ್ರದ ಶೇಕಡಾ ಹತ್ತರಷ್ಟು ದ್ರವ ಜಲಜನಕ ಖರ್ಚಾಗುತ್ತದೆ. ನೌಕೆಯ ಗಾತ್ರವನ್ನು ‘ಟನ್’ನಲ್ಲಿ ಹೇಳುತ್ತಾರಾದರೂ ಅದು ತೂಕವಲ್ಲ. ಒಂದು ಟನ್ ದ್ರವ ಜಲಜನಕ ಹಿಡಿಸುವಷ್ಟು ಜಾಗ, ಅಂದರೆ ಸುಮಾರು 14 ಘನಮೀಟರ್. ಜಂಪ್-6 ನೌಕೆಯಾದರೆ ಒಡಲಿನ ಶೇಕಡಾ 60 ಭಾಗ ಇಂಧನಕ್ಕೇ ಹೋಗುತ್ತದೆ. ಯಂತ್ರ, ಸಿಬ್ಬಂದಿಗೆ ಜಾಗ ಕೊಟ್ಟ ಮೇಲೆ ಸರಕಿಗೆ ಉಳಿಯುವುದು ಅತ್ಯಲ್ಪ. ದೂರ ಹೋಗಬಲ್ಲ ನೌಕೆ ಹೊರೆ ಹೊರಲಾರದು, ಹೊರೆ ಹೊರಬಲ್ಲ ನೌಕೆ ದೂರ ಹೋಗಲಾರದು.

ಬಂದರಿನಲ್ಲಿ ಶುದ್ಧ ಇಂಧನದ ದರ ಟನ್ನಿಗೆ 500 ಕ್ರೆಡಿಟ್, ಅಶುದ್ಧದ್ದು 100. ಬಿಡಿಗಾಸೂ ಬೇಡವೆನ್ನುವವರು ಗುರು, ಶನಿಗಳಂಥ ಅನಿಲದೈತ್ಯ ಗ್ರಹಗಳ ವಾತಾವರಣಕ್ಕೆ ಇಳಿದು ಜಲಜನಕವನ್ನು ಮೊಗೆದುಕೊಳ್ಳಬಹುದು. ಈ ಕಾರಣಕ್ಕೆ ಟ್ರಾವೆಲರ್ ನಕ್ಷೆಯಲ್ಲಿ ಪ್ರತಿ ಲೋಕದ ಪಕ್ಕದಲ್ಲೂ ಅನಿಲದೈತ್ಯ ಇದೆಯೋ ಇಲ್ಲವೋ ಎಂಬ ಗುರುತು ಇರುತ್ತದೆ. ಬಯಲುಸೀಮೆಯ ಪಯಣಿಗನಿಗೆ ಕೆರೆ, ಬಾವಿಗಳಿದ್ದಂತೆ ಇವು.

ನಕ್ಷೆಯಲ್ಲಿ ಒಂದು ಷಟ್ಕೋನಕ್ಕೆ ಒಂದು ಪಾರ್ಸೆಕ್. ಆಕಾಶಕ್ಕೆ ಮೂರು ಆಯಾಮಗಳಿದ್ದರೂ ಆಟದ ಅನುಕೂಲಕ್ಕಾಗಿ ಅದನ್ನು ಕಾಗದದ ಮೇಲೆ ಚಪ್ಪಟೆ ಮಾಡಲಾಗಿದೆ. ಒಂದೊಂದೇ ಪಾರ್ಸೆಕ್ ಅಂತರದಲ್ಲಿ ಸಾಲಾಗಿ ಸಿಗುವ ಲೋಕಗಳನ್ನು ‘ಮೇನ್’ ಎಂದು ಕರೆಯುತ್ತಾರೆ. ಜಂಪ್-1 ಸಾಮರ್ಥ್ಯದ ಬಡ ವ್ಯಾಪಾರಿಗೆ ಅದೇ ಹೆದ್ದಾರಿ. ‘ಸ್ಪಿನ್‌ವರ್ಡ್ ಮಾರ್ಚಸ್’ ಎಂಬ ಗಡಿಪ್ರಾಂತದಲ್ಲಿ ಇಂಥ ದೊಡ್ಡ ಸಾಲೊಂದಿದೆ. ಸಾಲಿನಿಂದ ಎರಡು ಪಾರ್ಸೆಕ್ ಆಚೆಗಿರುವ ಲೋಕ ಎಷ್ಟೇ ಸಂಪದ್ಭರಿತವಾಗಿರಲಿ, ಅವನ ಪಾಲಿಗೆ ಅದು ಇದ್ದೂ ಇಲ್ಲದಂತೆ.

ಕಂತು ಕಟ್ಟುವ ವ್ಯಾಪಾರಿ

ಆಟಗಾರರಲ್ಲಿ ಅತಿ ಜನಪ್ರಿಯವಾದ ನೌಕೆ 200 ಟನ್ನಿನ ‘ಫ್ರೀ ಟ್ರೇಡರ್’. ಮೂಲ ನಿಯಮಗಳಲ್ಲಿ ಇದರ ಬೆಲೆ 3 ಕೋಟಿ 70 ಲಕ್ಷ 80 ಸಾವಿರ ಕ್ರೆಡಿಟ್. ಕೈಯಲ್ಲಿ ಅಷ್ಟು ಹಣವಿಲ್ಲದವರಿಗೆ ಬ್ಯಾಂಕ್ ಸಾಲವುಂಟು. ಐದರಲ್ಲೊಂದು ಭಾಗ ಮುಂಗಡ ಕೊಟ್ಟು, ಉಳಿದದ್ದಕ್ಕೆ ಬೆಲೆಯ 240ರಲ್ಲೊಂದು ಪಾಲನ್ನು ಪ್ರತಿ ತಿಂಗಳೂ 40 ವರ್ಷ ಕಟ್ಟಬೇಕು. ಅಂದರೆ ತಿಂಗಳ ಕಂತು 1,54,500 ಕ್ರೆಡಿಟ್.

ಆದಾಯದ ಕಡೆ ನೋಡೋಣ. ಸರಕಿನ ಕೋಣೆ 82 ಟನ್; ಬಾಡಿಗೆ ಟನ್ನಿಗೆ ಸಾವಿರ. ಜಿಗಿತಕ್ಕೆ ಒಂದು ವಾರ, ಬಂದರಿನಲ್ಲಿ ಸರಕು ಇಳಿಸಿ ಏರಿಸಲು ಇನ್ನೊಂದು ವಾರ. ತಿಂಗಳಿಗೆ ಎರಡು ಜಿಗಿತ. ಕೋಣೆ ಎರಡೂ ಬಾರಿ ಪೂರ್ತಿ ತುಂಬಿದರೆ 1,64,000 ಬರುತ್ತದೆ. ಕಂತು ಕಟ್ಟಿದ ಮೇಲೆ ಉಳಿಯುವುದು 9,500. ಇಂಧನ, ಸಂಬಳ, ಬಂದರು ಶುಲ್ಕ, ವಾರ್ಷಿಕ ದುರಸ್ತಿಗೆ ಬೇರೆ ದಾರಿ ಹುಡುಕಬೇಕು.

ಆ ದಾರಿಗಳಲ್ಲೊಂದು ಪ್ರಯಾಣಿಕರು. ಉತ್ತಮ ದರ್ಜೆಗೆ 10,000, ಮಧ್ಯಮಕ್ಕೆ 8,000. ಬಡವರಿಗಾಗಿ 1,000 ಕ್ರೆಡಿಟ್‌ನ ‘ಲೋ ಪ್ಯಾಸೇಜ್’ ಇದೆ. ಈ ಪ್ರಯಾಣಿಕರನ್ನು ಶೈತ್ಯನಿದ್ರೆಯಲ್ಲಿ ಮಲಗಿಸಿ ಪೆಟ್ಟಿಗೆಯಲ್ಲಿಟ್ಟು ಒಯ್ಯುತ್ತಾರೆ. ತಲುಪಿದ ಮೇಲೆ ಎಬ್ಬಿಸುವಾಗ ಎರಡು ದಾಳಗಳ ಮೊತ್ತ ಐದು ಅಥವಾ ಹೆಚ್ಚು ಬರಬೇಕು. ಇಲ್ಲದಿದ್ದರೆ ಆತ ಏಳುವುದಿಲ್ಲ. ನುರಿತ ವೈದ್ಯನ ನೆರವಿಲ್ಲದಿದ್ದರೆ ಆರರಲ್ಲೊಬ್ಬ ಸಾಯುತ್ತಾನೆ ಎಂಬುದು ಇದರ ಲೆಕ್ಕ. ಎಷ್ಟು ಮಂದಿ ಬದುಕಿ ಏಳುತ್ತಾರೆಂದು ಪ್ರಯಾಣಿಕರೇ ಮೊದಲೇ ಊಹಿಸುವ ಲಾಟರಿಯನ್ನೂ ನಿಯಮಪುಸ್ತಕ ವಿವರಿಸುತ್ತದೆ. ಗೆದ್ದವನೇ ಏಳದಿದ್ದರೆ ಹಣ ಕಪ್ತಾನನಿಗೆ. ಜಿಗಿತದ ಬೆಲೆಯನ್ನು ಕೊನೆಗೆ ಯಾರು ತೆರುತ್ತಾರೆಂಬುದನ್ನು ಈ ಒಣ ಅಂಕಿಗಳು ಮರೆಮಾಚದೆ ಹೇಳುತ್ತವೆ.

ಸುದ್ದಿಯೂ ನೌಕೆಯಲ್ಲೇ ಬರಬೇಕು

ಇಷ್ಟು ಹೊತ್ತು ಹೇಳಿದ್ದು ಜನ ಮತ್ತು ಸರಕಿನ ಮಾತು. ಆಟದ ಅತಿ ಮುಖ್ಯ ನಿರ್ಬಂಧ ಇನ್ನೊಂದಿದೆ. ಬೆಳಕನ್ನು ಮೀರಿ ಸಾಗಬಲ್ಲದ್ದು ಜಿಗಿತದ ನೌಕೆ ಮಾತ್ರ; ರೇಡಿಯೋ ಅಲ್ಲ, ದೂರವಾಣಿ ಅಲ್ಲ. ಜಂಪ್‌ಸ್ಪೇಸ್ ಮೂಲಕ ಸಂಕೇತ ಕಳುಹಿಸುವ ಉಪಾಯವಿಲ್ಲ. ಕಾಗದವಾಗಲಿ, ರಾಜಾಜ್ಞೆಯಾಗಲಿ, ಯುದ್ಧದ ಸುದ್ದಿಯಾಗಲಿ ಯಾರಾದರೂ ಹೊತ್ತು ತಂದರೆ ಮಾತ್ರ ಬಂದೀತು.

ಇದಕ್ಕಾಗಿ ಆಟದ ‘ತೃತೀಯ ಸಾಮ್ರಾಜ್ಯ’ ಒಂದು ಅಂಚೆ ವ್ಯವಸ್ಥೆಯನ್ನು ಇಟ್ಟುಕೊಂಡಿದೆ. ಅದರ ವಾಹನ ‘ಎಕ್ಸ್‌ಬೋಟ್’. ಗಾತ್ರ 100 ಟನ್, ಸಾಮರ್ಥ್ಯ ಜಂಪ್-4. ಜಾಗ ಉಳಿಸಲು ಇದಕ್ಕೆ ಸಾಮಾನ್ಯ ಎಂಜಿನನ್ನೇ ಅಳವಡಿಸಿಲ್ಲ. ಜಿಗಿತ ಮುಗಿಸಿ ಹೊರಬಂದ ದೋಣಿ ಇದ್ದಲ್ಲೇ ತೇಲುತ್ತದೆ. ತಂದ ಸಂದೇಶಗಳನ್ನು ರೇಡಿಯೋ ಮೂಲಕ ಅಲ್ಲಿನ ಠಾಣೆಗೆ ದಾಟಿಸುತ್ತದೆ. ಸಜ್ಜಾಗಿ ನಿಂತ ಇನ್ನೊಂದು ದೋಣಿ ಅವನ್ನು ಹೊತ್ತು ಜಿಗಿಯುತ್ತದೆ. ನಮ್ಮ ಹಳೆಯ ಟಪಾಲು ಓಟಗಾರರು ಗೆಜ್ಜೆ ಕಟ್ಟಿದ ಕೋಲು ಹಿಡಿದು, ಚೀಲವನ್ನು ಕೈಯಿಂದ ಕೈಗೆ ದಾಟಿಸಿದ ಬಗೆಯದೇ ಇದು.

ಆದರೂ ಸಾಮ್ರಾಜ್ಯ ಬಹು ವಿಸ್ತಾರವಾದದ್ದು. ಅದರಲ್ಲಿ ಸುಮಾರು 11,000 ಲೋಕಗಳಿವೆ. ರಾಜಧಾನಿಯಿಂದ ಸ್ಪಿನ್‌ವರ್ಡ್ ಮಾರ್ಚಸ್ ನೂರು ಪಾರ್ಸೆಕ್‌ಗೂ ಹೆಚ್ಚು ದೂರ. ವಾರಕ್ಕೆ ನಾಲ್ಕು ಪಾರ್ಸೆಕ್‌ನಂತೆ ಎಲ್ಲಿಯೂ ತಡವಾಗದೆ ಸಾಗಿದರೂ ಒಂದು ಸಂದೇಶಕ್ಕೆ 25 ವಾರ ಸಾಲದು. ಗಡಿಯಿಂದ ‘ಏನು ಮಾಡಲಿ?’ ಎಂದು ಕೇಳಿದವನಿಗೆ ಉತ್ತರ ಬರುವುದು ಒಂದು ವರ್ಷದ ನಂತರ.

ಮಂಗಳೂರಿನ ಮುತ್ತಿಗೆಯ ಉದಾಹರಣೆ

ಇದು ಬರಿಯ ಕಲ್ಪನೆಯಲ್ಲ. ತಂತಿ ಬರುವ ಮುನ್ನ ಭೂಮಿಯೇ ಹೀಗಿತ್ತು. 1783ರ ಮೇ ತಿಂಗಳಲ್ಲಿ ಟಿಪ್ಪು ಸುಲ್ತಾನ್ ಮಂಗಳೂರಿನ ಕೋಟೆಯಲ್ಲಿದ್ದ ಇಂಗ್ಲಿಷ್ ಪಡೆಗೆ ಮುತ್ತಿಗೆ ಹಾಕಿದಾಗ ಫ್ರೆಂಚ್ ತುಕಡಿಯೊಂದು ಅವನ ಜೊತೆಗಿತ್ತು. ಆದರೆ ಬ್ರಿಟನ್ ಮತ್ತು ಫ್ರಾನ್ಸ್ ಅದೇ ವರ್ಷದ ಜನವರಿ 20ರಂದೇ ವರ್ಸೇಲ್ಸ್‌ನಲ್ಲಿ ಪ್ರಾಥಮಿಕ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದ್ದವು. ಸುದ್ದಿ ಇನ್ನೂ ಸಮುದ್ರದ ಮೇಲಿತ್ತು. ಜೂನ್ 20ರಂದು ಕಡಲೂರಿನ ಬಳಿ ಎರಡೂ ದೇಶಗಳ ನೌಕಾಪಡೆಗಳು ಮುಗಿದುಹೋದ ಯುದ್ಧವನ್ನು ಕಾದಾಡಿದವು. ಸುದ್ದಿ ತಲುಪಿದ ಮೇಲೆ ಫ್ರೆಂಚರು ಮಂಗಳೂರಿನ ಮುತ್ತಿಗೆಯಿಂದ ಹಿಂದೆ ಸರಿದರು. ಟಿಪ್ಪು ನಡುದಾರಿಯಲ್ಲಿ ಮಿತ್ರನನ್ನು ಕಳೆದುಕೊಂಡ. ಅವನ ಮುತ್ತಿಗೆಯ ಬಲವನ್ನು ಕುಗ್ಗಿಸಿದ್ದು ಐದು ತಿಂಗಳ ಹಿಂದೆ, ಸಾವಿರಾರು ಮೈಲಿ ಆಚೆ ಆದ ಸಹಿ.

ಟ್ರಾವೆಲರ್‌ನ ಜಗತ್ತು ಪ್ರತಿದಿನವೂ ಈ ಸ್ಥಿತಿಯಲ್ಲಿ ಬದುಕುತ್ತದೆ.

ದೂರ ಮತ್ತು ಅಧಿಕಾರ

ಕೇಂದ್ರದಿಂದ ಆಜ್ಞೆ ಬರುವ ತನಕ ಕಾಯಲಾಗದಿದ್ದರೆ ಸ್ಥಳದಲ್ಲಿರುವವನಿಗೇ ಅಧಿಕಾರ ಕೊಡಬೇಕು. ಕೊಟ್ಟ ಮೇಲೆ ಅವನನ್ನು ನಂಬಬೇಕು. ಐವತ್ತೇಳನೇ ಶತಮಾನದ ಕಥೆಯಲ್ಲಿ ಡ್ಯೂಕ್, ಕೌಂಟ್, ಬ್ಯಾರನ್‌ಗಳು ಏಕಿದ್ದಾರೆ ಎಂಬ ಪ್ರಶ್ನೆಗೆ ಇದೇ ಉತ್ತರ. ಪಾಳೆಯಗಾರಿಕೆ ಇಲ್ಲಿ ಅಲಂಕಾರಕ್ಕೆ ಬಂದದ್ದಲ್ಲ, ಅಂಚೆಯ ವಿಳಂಬದಿಂದ ಹುಟ್ಟಿದ್ದು. ಸಾಮ್ರಾಜ್ಯ ಲೋಕಗಳ ನಡುವಣ ಹಾದಿಯನ್ನು ಆಳುತ್ತದೆ. ಒಂದೊಂದು ಲೋಕದ ಒಳಾಡಳಿತವನ್ನು ಬಹುಪಾಲು ಅಲ್ಲಿನವರಿಗೇ ಬಿಟ್ಟಿದೆ.

ಆಟದ ಕಾಲಗಣನೆಯ 1107ರಿಂದ 1110ರವರೆಗೆ ನಡೆಯುವ ‘ಐದನೇ ಗಡಿಯುದ್ಧ’ ಇದಕ್ಕೆ ನಿದರ್ಶನ. ನೆರೆಯ ಝೋದಾನಿ ಜನ ದಾಳಿ ಮಾಡಿದಾಗ ಚಕ್ರವರ್ತಿಗೆ ಸುದ್ದಿ ತಿಳಿದು ಸಹಾಯ ಬರುವಷ್ಟರಲ್ಲಿ ಯುದ್ಧದ ಗತಿಯೇ ಬದಲಾಗಿರುತ್ತದೆ. ರೆಜೀನಾ ಲೋಕದ ಡ್ಯೂಕ್ ನೋರಿಸ್, ಚಕ್ರವರ್ತಿಯ ಹೆಸರಿನಲ್ಲಿ ವರ್ತಿಸಲು ಅನುಮತಿ ನೀಡುವ ಸನ್ನದೊಂದರ ಬಲದಿಂದ ಅಡ್ಮಿರಲ್‌ನನ್ನು ಬದಿಗೆ ಸರಿಸಿ ಸೈನ್ಯದ ನಾಯಕತ್ವ ವಹಿಸಿಕೊಳ್ಳುತ್ತಾನೆ. ಸನ್ನದು ನಿಜವಾಗಿಯೂ ಇದಕ್ಕೇ ಕೊಟ್ಟದ್ದೇ ಎಂದು ಕೇಳಿ ತಿಳಿಯಲು ಯಾರಿಗೂ ಒಂದು ವರ್ಷದ ಬಿಡುವಿಲ್ಲ.

ಯುದ್ಧತಂತ್ರವೂ ಜಿಗಿತಕ್ಕೆ ತಲೆಬಾಗುತ್ತದೆ. ಒಟ್ಟಿಗೆ ಜಿಗಿದ ನೌಕೆಗಳು ಒಟ್ಟಿಗೆ ಬರುವುದಿಲ್ಲ. ಗಂಟೆಗಳ ಅಂತರದಲ್ಲಿ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಬಂದ ಪಡೆಯ ಇಂಧನ ಬರಿದಾಗಿರುತ್ತದೆ. ಅನಿಲದೈತ್ಯವನ್ನು ಗೆದ್ದುಕೊಳ್ಳದಿದ್ದರೆ ಮುಂದೆ ಹೋಗುವಂತಿಲ್ಲ, ಹಿಂದಿರುಗುವಂತೆಯೂ ಇಲ್ಲ. ಜನರೇ ಇಲ್ಲದ ಗ್ರಹದ ಸುತ್ತ ದೊಡ್ಡ ದೊಡ್ಡ ಕದನಗಳು ನಡೆಯುವುದು ಇದರಿಂದಾಗಿ.

1987ರಲ್ಲಿ ಬಂದ ‘ಮೆಗಾಟ್ರಾವೆಲರ್’ ಆವೃತ್ತಿ ಈ ವಿಳಂಬವನ್ನೇ ದುರಂತದ ಬೀಜವಾಗಿಸಿತು. ಅದರಲ್ಲಿ 1116ನೇ ವರ್ಷ ಚಕ್ರವರ್ತಿ ಸ್ಟ್ರೆಫಾನ್‌ನ ಹತ್ಯೆಯಾಗುತ್ತದೆ. ಸುದ್ದಿ ವಾರಕ್ಕಿಷ್ಟು ಪಾರ್ಸೆಕ್‌ನಂತೆ ಹರಡುತ್ತಾ ಹೋಗುತ್ತದೆ. ಒಂದೆಡೆ ಹೊಸ ಚಕ್ರವರ್ತಿಯ ಹೆಸರು ಕೇಳಿಬರುವಾಗ ಇನ್ನೊಂದೆಡೆ ಹಳೆಯವನ ಹೆಸರಿನಲ್ಲೇ ಆಜ್ಞೆಗಳು ಹೊರಡುತ್ತಿರುತ್ತವೆ. ಯಾರು ಯಾರ ಪಕ್ಷ ಎಂಬುದು ಸ್ಪಷ್ಟವಾಗುವ ಮೊದಲೇ ಸಾಮ್ರಾಜ್ಯ ಹಲವು ಪಾಲಾಗುತ್ತದೆ.

ವಿಜ್ಞಾನ ಏನನ್ನುತ್ತದೆ?

ಜಂಪ್‌ಸ್ಪೇಸ್‌ಗೆ ವಿಜ್ಞಾನದ ಆಧಾರವಿಲ್ಲ. ಮೆಕ್ಸಿಕೋದ ಭೌತವಿಜ್ಞಾನಿ ಮಿಗೆಲ್ ಅಲ್ಕುಬಿಯೆರ್ 1994ರಲ್ಲಿ, ನೌಕೆಯ ಸುತ್ತಲಿನ ದೇಶಕಾಲವನ್ನೇ ಬಾಗಿಸಿ ಬೆಳಕನ್ನು ಹಿಂದಿಕ್ಕುವ ಗಣಿತವೊಂದನ್ನು ಮಂಡಿಸಿದರು. ಆದರೆ ಅದಕ್ಕೆ ಋಣಾತ್ಮಕ ಶಕ್ತಿ ಬೇಕು. ಅದನ್ನು ಬೇಕಾದ ಪ್ರಮಾಣದಲ್ಲಿ ಒದಗಿಸುವ ದಾರಿ ಯಾರಿಗೂ ತಿಳಿದಿಲ್ಲ. ಬೆಳಕನ್ನು ಮೀರಿದರೆ ಕಾರಣಕ್ಕಿಂತ ಪರಿಣಾಮ ಮುಂದೆ ಬರುವ ತೊಡಕೂ ಇದೆ. ಆಟ ಈ ತೊಡಕನ್ನು ಬಿಡಿಸಲು ಹೋಗಿಲ್ಲ.

ಟ್ರಾವೆಲರ್‌ನ ಹೆಚ್ಚುಗಾರಿಕೆ ಯಂತ್ರದ ವಿವರಣೆಯಲ್ಲಿಲ್ಲ. ಒಂದು ಸುಳ್ಳನ್ನು ಒಪ್ಪಿಕೊಂಡ ಮೇಲೆ ಅದರ ಪರಿಣಾಮಗಳನ್ನು ಪ್ರಾಮಾಣಿಕವಾಗಿ ಕೊನೆಯವರೆಗೂ ಲೆಕ್ಕ ಹಾಕಿದ ರೀತಿಯಲ್ಲಿದೆ. ವಾಯೇಜರ್-1ರ ಸಂಕೇತ ಭೂಮಿಯನ್ನು ಮುಟ್ಟಲು ಈಗ 23 ಗಂಟೆಗಳಿಗೂ ಹೆಚ್ಚು ಹಿಡಿಯುತ್ತದೆ. ಅದಕ್ಕೊಂದು ಪ್ರಶ್ನೆ ಕಳುಹಿಸಿ ಉತ್ತರ ಪಡೆಯಲು ಎಂಜಿನಿಯರರು ಸುಮಾರು ಎರಡು ದಿನ ಕಾಯುತ್ತಾರೆ. ಮನುಷ್ಯ ಮುಂದೊಂದು ದಿನ ಇನ್ನೂ ದೂರ ನೆಲೆಸಿದರೆ, ಅಲ್ಲಿಯ ಸಂಕಟಕ್ಕೆ ಇಲ್ಲಿಂದ ಸಕಾಲದಲ್ಲಿ ಮರುನುಡಿ ಹೋಗದು. ಹಾಗಿರುವಾಗ ತೀರ್ಮಾನ ಯಾರ ಕೈಯಲ್ಲಿರಬೇಕು, ತಪ್ಪಿದರೆ ಹೊಣೆ ಯಾರದು ಎಂಬುದನ್ನು ನೌಕೆ ಹೊರಡುವ ಮೊದಲೇ ಗೊತ್ತುಮಾಡಿಕೊಂಡಿರಬೇಕಾಗುತ್ತದೆ.